ಆಟವೂ ಆಡಳಿತವೂ: ಒಬ್ಬ ಪ್ರೇಕ್ಷಕನ ಆಕ್ಷೇಪಣೆ

"ಆಟವನ್ನು ಆಟವೆಂದೇ ನೋಡಬೇಕು, ಅದರಲ್ಲಿ ರಾಜಕೀಯವನ್ನು ಬೆರಸಕೂಡದು" ಎಂಬ ಮಾತು ನಮ್ಮಲ್ಲಿ ಒಂದು ಸೂತ್ರವಾಗಿಬಿಟ್ಟಿದೆ. ಶಾಲೆಯ ಕ್ರೀಡೋತ್ಸವದಲ್ಲಿ ಈ ಮಾತನ್ನು ಕೇಳುತ್ತೇವೆ. ಪತ್ರಿಕೆಗಳ ಅಗ್ರಲೇಖನಗಳಲ್ಲಿ ಓದುತ್ತೇವೆ. ಮನೆಯ ಹಿರಿಯರು ಊಟದ ಹೊತ್ತಿನಲ್ಲಿ ಹೇಳಿದರೆ ಕೇಳಿ ಸುಮ್ಮನಾಗುತ್ತೇವೆ. ವಿಶೇಷವೇನೆಂದರೆ, ಇದನ್ನು ಬಹು ಗಟ್ಟಿಯಾಗಿ ಹೇಳುವವರು ಬಹುಮಟ್ಟಿಗೆ ರಾಜಕೀಯವನ್ನೇ ಕಸುಬಾಗಿ ಉಳ್ಳವರು. ಪಂದ್ಯಾವಳಿಯನ್ನು ಉದ್ಘಾಟಿಸುವವರು ಅವರು, ಗೆದ್ದವರಿಗೆ ಬಹುಮಾನ ಕೊಡುವವರು ಅವರು, ಕ್ರೀಡಾಸಂಘದ ಅಧ್ಯಕ್ಷಪೀಠದಲ್ಲಿ ಕುಳಿತವರು ಅವರು. ಆಟಕ್ಕೆ ರಾಜಕೀಯದ ಸೋಂಕು ತಾಗಬಾರದೆಂದು ನಮಗೆ ಬುದ್ಧಿ ಹೇಳುವವರೂ ಅವರೇ. ಮೊದಲೇ ಒಳಹೊಕ್ಕು ಚಾಪೆ ಹಾಸಿಕೊಂಡು ಮಲಗಿದವನು, ಬಾಗಿಲಿಗೆ ಬಂದ ಮನೆಯವನಿಗೆ "ಒಳಗೆ ಜಾಗವಿಲ್ಲ" ಎಂದಂತಾಯಿತು.

ಇದನ್ನು ಬರೆಯುವವನು ರಾಜಾಜಿನಗರದ ಒಬ್ಬ ಸಾಮಾನ್ಯ ಪ್ರೇಕ್ಷಕ. ಚೆಂಡನ್ನು ಒದೆಯುವುದರಲ್ಲಿ ಯಾವ ಪ್ರಾವೀಣ್ಯವೂ ಇಲ್ಲ. ಟಿಕೀಟು ಕೊಂಡು ಕುಳಿತು ಗಂಟಲು ಬೀಳುವಂತೆ ಕೂಗುವುದರಲ್ಲಿ ಮಾತ್ರ ಹಲವು ವರ್ಷಗಳ ಅಭ್ಯಾಸವುಂಟು. ಸಾಹಿತ್ಯಸಂಘದ ಮಾಸಪತ್ರಿಕೆಯಲ್ಲಿ ಇಂಥವನಿಗೇನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಊರಿನಲ್ಲಿ ಕುಲಗೋತ್ರಗಳನ್ನು ವಿಚಾರಿಸದೆ ಪಕ್ಕದವನ ಹೆಗಲ ಮೇಲೆ ಕೈಹಾಕಿ ನಗುವ ಅಥವಾ ಅಳುವ ಸ್ಥಳಗಳು ಎಷ್ಟಿವೆ ಎಂದು ನಾನು ಅವರನ್ನು ತಿರುಗಿ ಕೇಳುತ್ತೇನೆ. ಅಂಥ ಸ್ಥಳವೊಂದರ ಆಗುಹೋಗುಗಳು ಸಾಹಿತ್ಯಕ್ಕೆ ಹೊರಗಾದುವೆಂದು ನನಗೆ ತೋರುವುದಿಲ್ಲ.

ಕಾಲ್ಚೆಂಡಾಟವು ಈ ಊರಿಗೆ ಬಂದದ್ದೇ ದಂಡಿನ ಜೊತೆಗೆ. ದಂಡುಪ್ರದೇಶದಲ್ಲಿ ಗೋರರ ಪಟಾಲಮುಗಳು ಆಡುತ್ತಿದ್ದುದನ್ನು ಬೇಲಿಯಾಚೆಯಿಂದ ನೋಡಿ ನಮ್ಮವರು ಕಲಿತರು. ಕಲಿತು, ಕಲಿಸಿದವರನ್ನೇ ಸೋಲಿಸಿದರು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಪಟಾಲಮುಗಳ ಸ್ವತ್ತಿನಂತಿದ್ದಿತು. 1937ರಲ್ಲಿ ಅದನ್ನು ಗೆದ್ದ ಮೊದಲನೆಯ ಭಾರತೀಯ ತಂಡ ನಮ್ಮ ಬ್ಯಾಂಗಲೂರ್ ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1946–47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಸ್ವತಂತ್ರ ಭಾರತದ ತಂಡ 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿಗೆ ಹೋದಾಗ, ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಆ ತಂಡಕ್ಕೆ ಫ್ರಾನ್ಸಿನ ಎದುರು ದೊರೆತ ಒಂದೇ ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಪಂದ್ಯವನ್ನು 1–2ರಿಂದ ಸೋತರು, ನಿಜ. ಆದರೆ ಆ ಕಾಲದ ಜನ ಈ ಗೆಲವುಸೋಲುಗಳನ್ನು ಬರಿಯ ಚೆಂಡಿನ ಲೆಕ್ಕವೆಂದು ಎಣಿಸಿದರೆ? ಆಳುವವನ ಬೂಟಿನ ಎದುರು ಆಳಿಸಿಕೊಂಡವನ ಪಾದ ನಿಂತುದನ್ನು ನೋಡಲು ಅವರು ಹೋಗುತ್ತಿದ್ದರು. ಆಟದಲ್ಲಿ ರಾಜಕೀಯವಿರಲಿಲ್ಲವೆಂಬ ಸತ್ಯಯುಗವು ಯಾವ ಕಾಲದಲ್ಲಿಯೂ ಇದ್ದಂತೆ ಕಾಣೆನು.

ಈಗಿನ ಕಾಲದ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1968–69ರ ನಂತರ 54 ವರ್ಷ ಕಾದು, 2023ರ ಮಾರ್ಚಿ 4ರಂದು ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆ ಪಂದ್ಯ ನಡೆದುದು ಬೆಂಗಳೂರಿನಲ್ಲಲ್ಲ, ಶಿಲ್ಲಾಂಗಿನಲ್ಲಿಯೂ ಅಲ್ಲ. ಸೌದಿ ಅರೇಬಿಯದ ರಿಯಾದ್ ನಗರದಲ್ಲಿ. ಕರ್ನಾಟಕ ಮೇಘಾಲಯಗಳ ಆಟವನ್ನು ಕಣ್ಣಾರೆ ಕಾಣಬೇಕಾದರೆ ಕರ್ನಾಟಕ ಮೇಘಾಲಯಗಳವರು ಸಮುದ್ರವನ್ನು ದಾಟಬೇಕಾಯಿತು! ಇದು ಆಟದ ಅಗತ್ಯವೋ, ಆಡಳಿತಗಾರರ ಸ್ನೇಹಸಂಬಂಧಗಳ ಅಗತ್ಯವೋ, ವಾಚಕರೇ ಊಹಿಸಬಹುದು.

ನಮ್ಮ ಪಶ್ಚಿಮದ ಬಡಾವಣೆಗಳಿಗೆ ಈ ಆಟ ತಡವಾಗಿ ಬಂದಿತು. ಗೌತಮಪುರ, ಆಸ್ಟಿನ್ ಟೌನುಗಳಲ್ಲಿ ಮಕ್ಕಳು ನಡೆಯಲು ಕಲಿಯುವುದಕ್ಕೆ ಮುಂಚೆ ಚೆಂಡನ್ನು ಒದೆಯುತ್ತಾರೆ. ಗೌತಮಪುರದಲ್ಲಿ ಪೆಲೆಯ ವಿಗ್ರಹವನ್ನೇ ನಿಲ್ಲಿಸಿದ್ದಾರೆ. ರಾಜಾಜಿನಗರ, ವಿಜಯನಗರಗಳಲ್ಲಿ ಚಿನ್ನಿದಾಂಡು, ಕಬಡ್ಡಿ, ಆಮೇಲೆ ಕ್ರಿಕೆಟ್ಟು. 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ತಂಡ ಹುಟ್ಟಿ, ಮೊದಲನೆಯ ವರ್ಷವೇ ಐ-ಲೀಗನ್ನು ಗೆದ್ದ ಮೇಲೆ ಇತ್ತಲ ಹುಡುಗರು ನೀಲಿ ಅಂಗಿ ತೊಟ್ಟು ಮೆಟ್ರೋ ಹತ್ತಿ ಕಂಠೀರವ ಕ್ರೀಡಾಂಗಣಕ್ಕೆ ಹೋಗುವುದು ವಾಡಿಕೆಯಾಯಿತು. ಅಲ್ಲಿ ಕೂಗುವ ಗುಂಪಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರು. ಆ ಪಶ್ಚಿಮ ಕ್ರೀಡಾಂಗಣದ ಪಶ್ಚಿಮವೇ ಹೊರತು ನಮ್ಮ ಬಸವೇಶ್ವರನಗರದ ಪಶ್ಚಿಮವಲ್ಲ. ಆದರೂ ನಮ್ಮವರು ಅದನ್ನು ತಮ್ಮದೆಂದೇ ತಿಳಿದಿದ್ದಾರೆ.

ಆ ಕ್ರೀಡಾಂಗಣದಲ್ಲಿ ಮಹಾಮಾರಿಗೆ ಮುಂಚಿನ ಕೊನೆಯ ಪಂದ್ಯ 2020ರ ಮಾರ್ಚಿ 1ರಂದು ನಡೆಯಿತು. ಕೋಲ್ಕತ್ತೆಯ ಎಟಿಕೆ ತಂಡವನ್ನು ನಮ್ಮವರು 1–0ರಿಂದ ಸೋಲಿಸಿದರು. ಹತ್ತೇ ದಿನಗಳೊಳಗೆ ಕಲಬುರ್ಗಿಯಲ್ಲಿ ಕೋವಿಡ್ಡಿನಿಂದ ಭಾರತದ ಮೊದಲನೆಯ ಸಾವು ಸಂಭವಿಸಿತು. ಮಾರ್ಚಿ 14ರ ಅಂತಿಮ ಪಂದ್ಯವನ್ನು ಗೋವೆಯಲ್ಲಿ ಪ್ರೇಕ್ಷಕರಿಲ್ಲದೆ ಆಡಿಸಿದರು. ಅದು ಸರಿಯಾದ ಕೆಲಸವೆಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಫೆಬ್ರವರಿ 19ರಂದು ಇಟಲಿಯ ಮಿಲಾನಿನಲ್ಲಿ ಅಟಲಾಂಟ ಮತ್ತು ವಲೆನ್ಸಿಯ ತಂಡಗಳ ಪಂದ್ಯಕ್ಕೆ ಬೆರ್ಗಾಮೋ ಊರಿನಿಂದ ಸಾವಿರಾರು ಜನ ಬಂದು ಹೋದುದೂ, ಕೆಲವೇ ವಾರಗಳಲ್ಲಿ ಆ ಊರು ಶವಪೆಟ್ಟಿಗೆಗಳ ಊರಾದುದೂ ಲೋಕವೆಲ್ಲ ಬಲ್ಲ ಸಂಗತಿ. ಮಾರ್ಚಿ 11ರಂದು ಲಿವರ್‌ಪೂಲಿನಲ್ಲಿ ಇನ್ನೂ ವಿಚಿತ್ರ ನಡೆಯಿತು: ಮಾಡ್ರಿಡ್ಡಿನಲ್ಲಿ ಪಂದ್ಯಕ್ಕೆ ಪ್ರೇಕ್ಷಕರನ್ನು ಬಿಡದಿದ್ದ ಕಾಲದಲ್ಲಿ, ಅದೇ ಊರಿನ ಸುಮಾರು 3,000 ಪ್ರೇಕ್ಷಕರನ್ನು ಇಂಗ್ಲೆಂಡಿನಲ್ಲಿ ಒಳಕ್ಕೆ ಬಿಟ್ಟರು. ಜನ ಸೇರಿದರೆ ಜನ ಸಾಯುತ್ತಾರೆ ಎಂಬುದು ನಿಶ್ಚಯವಾದ ಮೇಲೆ ಬಾಗಿಲು ಹಾಕಬೇಕಾದುದು ಧರ್ಮ. ಈ ಅಂಶದಲ್ಲಿ ನನಗೆ ಯಾರೊಡನೆಯೂ ವಾದವಿಲ್ಲ.

ನನ್ನ ಆಕ್ಷೇಪಣೆಯಿರುವುದು ಬಾಗಿಲು ಹಾಕಿದ ವಿಷಯದಲ್ಲಲ್ಲ, ತೆರೆದ ಕ್ರಮದಲ್ಲಿ. ಯಾವ ಬಾಗಿಲನ್ನು ಮೊದಲು ತೆರೆದರು, ಯಾವುದನ್ನು ಕೊನೆಗೆ ತೆರೆದರು ಎಂಬುದನ್ನು ನೋಡಿದರೆ ಒಂದು ಸರ್ಕಾರದ ಮನಸ್ಸು ತಿಳಿಯುತ್ತದೆ. 2020ರ ಮೇ ತಿಂಗಳಿನಲ್ಲಿ ಉದ್ಯಾನಗಳನ್ನು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ತೆರೆದರು. ವಾಯುಸೇವನೆಗೆ ಬರುವ ನಿವೃತ್ತ ಗೃಹಸ್ಥರಿಗೆ ಅದು ಸಾಕಾಯಿತು. ಹುಡುಗರ ಮೈದಾನಗಳ ಮಾತು ಯಾರಿಗೂ ನೆನಪಾಗಲಿಲ್ಲ. ನಮ್ಮ ಬಡಾವಣೆಯ ಒಂದು ಮೈದಾನದ ಕಬ್ಬಿಣದ ಬಾಗಿಲಿಗೆ ಹಾಕಿದ ಬೀಗ ಮಳೆಗೆ ನೆನೆದು ತುಕ್ಕು ಹಿಡಿದುದನ್ನು ನಾನು ಕಂಡಿದ್ದೇನೆ. ಗೋಡೆ ಹಾರಿ ಒಳಹೊಕ್ಕ ನಾಲ್ಕೈದು ಹುಡುಗರನ್ನು, ಅವರು ಕಳ್ಳರೋ ಎಂಬಂತೆ, ಅಟ್ಟಿಕೊಂಡು ಬಂದುದನ್ನೂ ಕಂಡಿದ್ದೇನೆ. ಇದು ಅಕ್ಟೋಬರಿನ ಮಾತು. ಅದೇ ದಿನಗಳಲ್ಲಿ ಇಲ್ಲಿಂದ ಸ್ವಲ್ಪ ದೂರದ ರಾಜರಾಜೇಶ್ವರಿನಗರದಲ್ಲಿ ವಿಧಾನಸಭೆಯ ಉಪಚುನಾವಣೆ. ನವೆಂಬರ್ 3ರ ಮತದಾನಕ್ಕೆ ಮುಂಚೆ ಎಲ್ಲ ಪಕ್ಷಗಳ ಮೆರವಣಿಗೆಗಳೂ ಬೀದಿ ತುಂಬಿ ಹರಿದುವು. ಐದು ಹುಡುಗರು ಬಯಲಿನಲ್ಲಿ ಚೆಂಡಾಡಿದರೆ ಹಬ್ಬುವ ಸೋಂಕು, ಐನೂರು ಜನ ತೆರೆದ ವಾಹನದ ಸುತ್ತ ನೂಕಾಡಿದರೆ ಹಬ್ಬದೆ? ಇದನ್ನು ಯಾವ ವೈದ್ಯಶಾಸ್ತ್ರ ಹೇಳುತ್ತದೆ?

ಒಂದು ಪಕ್ಷವನ್ನು ಮಾತ್ರ ದೂರುತ್ತಿರುವೆನೆಂದು ಯಾರೂ ತಿಳಿಯಬೇಕಾಗಿಲ್ಲ. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗ ಮೇಕೆದಾಟಿನ ಹೆಸರಿನಲ್ಲಿ ವಿರೋಧಪಕ್ಷದವರು ಪಾದಯಾತ್ರೆ ಹೊರಟರು. ರಾಮನಗರದಲ್ಲಿ ನಿಲ್ಲಿಸಿ, ಫೆಬ್ರವರಿ ಕೊನೆಯಲ್ಲಿ ಮತ್ತೆ ಹೊರಟು, ಮಾರ್ಚಿ 3ರಂದು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಮುಗಿಸಿದರು. ಮುಗಿಸಿದ ಸ್ಥಳವನ್ನು ವಾಚಕರು ಗಮನಿಸಬೇಕು: ಮೈದಾನ! ಆಡುವವರಿಗೆ ಇಲ್ಲದ ಮೈದಾನ ಭಾಷಣಕ್ಕೆ ಉಂಟು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆಗಳು ತೆರೆದುದು 2021ರ ಅಕ್ಟೋಬರ್ 25ರಂದು. ಎಂದರೆ ಸುಮಾರು 19 ತಿಂಗಳು ಶಾಲೆಯೂ ಇಲ್ಲ, ಬಯಲೂ ಇಲ್ಲ. ಮತವಿಲ್ಲದವರ ಸರದಿ ಕೊನೆಗೆ ಬಂದಿತು.

ಇನ್ನು ಹಣದ ಆಟದ ಕಥೆ. ಉಪಚುನಾವಣೆ ಮುಗಿದ ಹದಿನೇಳು ದಿನಕ್ಕೆ, ನವೆಂಬರ್ 20ರಂದು, ಇಂಡಿಯನ್ ಸೂಪರ್ ಲೀಗ್ ಗೋವೆಯಲ್ಲಿ ಆರಂಭವಾಯಿತು. ಎಲ್ಲ ತಂಡಗಳನ್ನೂ ಹೋಟೆಲುಗಳಲ್ಲಿ ಕೂಡಿಹಾಕಿ, ಮೂರು ಖಾಲಿ ಕ್ರೀಡಾಂಗಣಗಳಲ್ಲಿ ಆಡಿಸಿದರು. ಎರಡು ವರ್ಷ ನಮ್ಮ ತಂಡಕ್ಕೆ ಊರೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಇದೇ ರೀತಿ ಖಾಲಿ ಅಂಗಣಗಳಲ್ಲಿ ಆಡಿಸಿದಾಗ, ಮನೆಯಲ್ಲಿ ಕುಳಿತು ನೋಡುವವರಿಗೆ ಬೇಸರವಾಗಬಾರದೆಂದು ಗುಂಪಿನ ಕೂಗನ್ನು ಯಂತ್ರದಿಂದ ಕೇಳಿಸಿದರು. ಇದು ನನಗೆ ಬಹಳ ಅರ್ಥವತ್ತಾಗಿ ಕಂಡಿತು. ನಮ್ಮ ಕೂಗು ಬೇಕು, ನಾವು ಬೇಡ.

ಕೂಡಿಹಾಕಿದ ಆಟಗಾರರ ಮಾತು ಬಂದಾಗ ನಮ್ಮ ಪಶ್ಚಿಮದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳದೆ ಹೋಗಲಾರೆ. ಕೆಂಗೇರಿಗೆ ಹೋಗುವ ದಾರಿಯಲ್ಲಿ, ಜ್ಞಾನಭಾರತಿಯ ಬಳಿ, ಭಾರತ ಕ್ರೀಡಾ ಪ್ರಾಧಿಕಾರದ ದೊಡ್ಡ ಕೇಂದ್ರವಿದೆ. ಭಾರತದ ಹಾಕಿ ತಂಡಗಳೆರಡೂ, ಪುರುಷರೂ ಮಹಿಳೆಯರೂ, 2020ರ ಬೇಸಿಗೆಯೆಲ್ಲ ಆ ಗೋಡೆಗಳೊಳಗೆ ಸಿಕ್ಕಿಕೊಂಡಿದ್ದರು. ಮೇ ತಿಂಗಳಿನಲ್ಲಿ ಆ ಕೇಂದ್ರದ ಅಡುಗೆಯವರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಪರೀಕ್ಷೆಯಲ್ಲಿ ಅವರಿಗೆ ಕೋವಿಡ್ ಸೋಂಕಿದ್ದುದು ತಿಳಿಯಿತು. ಪತ್ರಿಕೆಗಳಲ್ಲಿ ಮೊದಲು ಎದ್ದ ಪ್ರಶ್ನೆ ಆಟಗಾರರು ಕ್ಷೇಮವೇ ಎಂಬುದು. ಕ್ಷೇಮವಾಗಿದ್ದರು, ಸಂತೋಷ. ಮುಂದಿನ ವರ್ಷ ಆಗಸ್ಟ್ 5ರಂದು ಪುರುಷರ ತಂಡ ಟೋಕಿಯೋದಲ್ಲಿ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚಿನ ಪದಕವನ್ನು ತಂದಾಗ ನಮ್ಮ ಬೀದಿಯಲ್ಲಿಯೂ ಪಟಾಕಿ ಹಾರಿಸಿದರು, ನಾನೂ ಕುಣಿದೆನು. ಆದರೆ ಸುರಕ್ಷಿತ ವಲಯವೆಂದು ಕರೆಯುವ ಆ ಏರ್ಪಾಟು ಯಾರನ್ನು ಆಧರಿಸಿ ನಿಂತಿರುತ್ತದೆಂದು ಕೇಳಿಕೊಳ್ಳಬೇಡವೆ? ಅನ್ನ ಬೇಯಿಸುವವರು, ನೆಲ ಒರಸುವವರು, ಬಾಗಿಲು ಕಾಯುವವರು ಇವರನ್ನು ಆಧರಿಸಿ. ಗುಳ್ಳೆಯ ಒಳಗಿರುವವರನ್ನು ರಕ್ಷಿಸುವ ಗುಳ್ಳೆಯ ಪೊರೆಯೂ ಮನುಷ್ಯರಿಂದಲೇ ಆದುದು.

ಈಗ ನನ್ನ ತಂಡದ ಮೇಲಿನ ದೂರು. ಇದನ್ನು ಹೇಳದೆ ಉಳಿದುದನ್ನೆಲ್ಲ ಹೇಳಿದರೆ ಅಭಿಮಾನಿಯ ಮಾತಿಗೆ ಬೆಲೆಯಿಲ್ಲ. 2021ರ ಮೇ ತಿಂಗಳ ಮೊದಲನೆಯ ವಾರವನ್ನು ನೆನೆಯಿರಿ. ಬೆಂಗಳೂರಿನಲ್ಲಿ ಸೋಂಕು ತಗಲಿದವರ ಸಂಖ್ಯೆ ದಿನಕ್ಕೆ 20,000ವನ್ನು ಮೀರಿದ್ದಿತು. ಮಾಗಡಿ ರಸ್ತೆಯ ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದುವು. ಚಿತಾಗಾರಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲಿಯೇ ದಹನಕ್ಕೆ ಏರ್ಪಾಟಾಯಿತು. ಬಸವೇಶ್ವರನಗರದ ಮನೆಗಳಲ್ಲಿ ಕುಳಿತವರಿಗೆ ಹಗಲಿರುಳು ಆ ವಾಹನಗಳ ಕೂಗು ಕೇಳಿಸುತ್ತಿದ್ದಿತು. ಆ ವಾರವೇ ಬೆಂಗಳೂರು ಎಫ್‌ಸಿ ತಂಡವು ಏಷ್ಯದ ಎಎಫ್‌ಸಿ ಕಪ್ಪಿನ ಪಂದ್ಯಕ್ಕಾಗಿ ಮಾಲ್ದೀವಿನ ಮಾಲೆಗೆ ಹೋಯಿತು. ಅಲ್ಲಿ ತಂಡದವರಲ್ಲಿ ಕೆಲವರು ಹೋಟೆಲಿನೊಳಗೆ ಇರಬೇಕೆಂಬ ನಿಯಮವನ್ನು ಮೀರಿ ಹೊರಗೆ ಹೋದರು. ಆ ದೇಶದ ಕ್ರೀಡಾಮಂತ್ರಿ ಇದು ಸಹಿಸಲಾಗದ ವರ್ತನೆಯೆಂದು ಬಹಿರಂಗವಾಗಿ ಹೇಳಿ, ತಂಡವು ಕೂಡಲೇ ದೇಶವನ್ನು ಬಿಡಬೇಕೆಂದರು. ತಂಡದ ಒಡೆಯರು ಕ್ಷಮೆ ಕೇಳಿದರು. ಪಂದ್ಯ ನಿಂತಿತು; ಮಾಲೆಯಲ್ಲಿ ನಡೆಯಬೇಕಾಗಿದ್ದ ಮುಂದಿನ ಪಂದ್ಯಗಳೂ ನಿಂತುವು. ಆಗಸ್ಟಿನಲ್ಲಿ ಮತ್ತೆ ಹೋಗಿ 1–0ರಿಂದ ಗೆದ್ದರೆಂಬುದು ಬೇರೆಯ ಮಾತು.

ಅಭಿಮಾನಿ ಮಿತ್ರರಲ್ಲಿ ಕೆಲವರು ಅಂದು, "ಮೂರು ಜನ ಸ್ವಲ್ಪ ನಡೆದಾಡಿ ಬಂದುದಕ್ಕೆ ಇಷ್ಟು ಗದ್ದಲವೆ? ಇದರಲ್ಲಿ ಅವರ ದೇಶದ ರಾಜಕೀಯವಿದೆ" ಎಂದರು. ಇದ್ದಿರಬಹುದು. ಸಣ್ಣ ದ್ವೀಪರಾಜ್ಯ, ಆಸ್ಪತ್ರೆಯ ಹಾಸಿಗೆಗಳನ್ನು ಬೆರಳಲ್ಲಿ ಎಣಿಸುವ ಸ್ಥಳ, ಅಲ್ಲಿಯ ಮಂತ್ರಿ ತನ್ನ ಜನರ ಪ್ರಾಣದ ಪರವಾಗಿ ಮಾತನಾಡುವುದು ರಾಜಕೀಯವಾದರೆ ಆ ರಾಜಕೀಯ ನಮಗೂ ಸ್ವಲ್ಪ ದೊರೆಯಲಿ. ನಡೆದಾಡಲು ಹೋದವರಿಗಿಂತ, ಅಂಥ ವಾರದಲ್ಲಿ ದೇಶದಿಂದ ದೇಶಕ್ಕೆ ತಂಡಗಳನ್ನು ಕರೆಸಿ ಪಂದ್ಯ ನಡೆಯಲೇಬೇಕೆಂದು ದಿನ ಗೊತ್ತುಮಾಡಿದ ಏಷ್ಯದ ಒಕ್ಕೂಟದ ದೋಷ ದೊಡ್ಡದು. ಹೋಗಲಾರೆವು ಎಂದು ಹೇಳದ ನಮ್ಮ ತಂಡದ ದೋಷ ಅದಕ್ಕಿಂತ ಬಹಳ ಚಿಕ್ಕದಲ್ಲ. ಕ್ರಿಕೆಟ್ಟಿನವರು ಇನ್ನೂ ಮುಂದೆ ಹೋಗಿದ್ದರು: ದಿಲ್ಲಿಯಲ್ಲಿ ಪ್ರಾಣವಾಯುವಿಗಾಗಿ ಜನ ಬೀದಿಯಲ್ಲಿ ಅಂಗಲಾಚುತ್ತಿರುವಾಗ ಅದೇ ದಿಲ್ಲಿಯಲ್ಲಿ ದೀಪ ಹಾಕಿ ಐಪಿಎಲ್ ಆಡಿಸಿದರು. ಮೇ 4ರಂದು ನಿಲ್ಲಿಸಿದುದು ಸೋಂಕು ಆಟಗಾರರನ್ನೇ ಮುಟ್ಟಿದ ಮೇಲೆ.

ಹಾಗೆಂದು ಆಟಗಾರರೆಲ್ಲರೂ ಕಣ್ಣುಮುಚ್ಚಿ ಕುಳಿತಿದ್ದರೆಂದಲ್ಲ. ಅದೇ ಬೇಸಿಗೆಯಲ್ಲಿ ನಮ್ಮ ನಾಯಕ ಸುನಿಲ್ ಛೇತ್ರಿ, ಹಾಸಿಗೆ, ಔಷಧ, ಪ್ರಾಣವಾಯುಗಳಿಗಾಗಿ ಜನರಿಗೆ ನೆರವಾಗುತ್ತಿದ್ದವರ ಕೈಗೆ ತನ್ನ ಟ್ವಿಟರ್ ಖಾತೆಯನ್ನೇ ಬಿಟ್ಟುಕೊಟ್ಟರು. ಇಂಗ್ಲೆಂಡಿನಲ್ಲಿ ಮಾರ್ಕಸ್ ರಾಶ್‌ಫರ್ಡ್ ಎಂಬ 22 ವರ್ಷದ ಆಟಗಾರನು, ಶಾಲೆಯ ಊಟವನ್ನು ನೆಚ್ಚಿದ ಬಡಮಕ್ಕಳಿಗೆ ಬೇಸಿಗೆಯ ರಜೆಯಲ್ಲಿಯೂ ಊಟ ಸಿಗಬೇಕೆಂದು ಬಹಿರಂಗ ಪತ್ರ ಬರೆದು, 2020ರ ಜೂನ್ 16ರಂದು ಸರ್ಕಾರವು ತನ್ನ ನಿರ್ಧಾರವನ್ನು ಬದಲಾಯಿಸುವಂತೆ ಮಾಡಿದನು. ಸುಮಾರು 13 ಲಕ್ಷ ಮಕ್ಕಳಿಗೆ ಅನ್ನದ ದಾರಿಯಾಯಿತು. ಆಗಲೂ ಕೆಲವರು ಚೆಂಡು ಒದೆಯುವವನಿಗೆ ರಾಜಕೀಯವೇಕೆಂದರು. ಹಸಿದ ಮಗುವಿನ ಪರವಾಗಿ ಆಟಗಾರ ಮಾತನಾಡಿದರೆ ಅದು ರಾಜಕೀಯ. ಮಂತ್ರಿ ಬಂದು ಬಹುಮಾನ ಹಂಚಿದರೆ ಅದು ಕ್ರೀಡಾಪ್ರೋತ್ಸಾಹ! ಈ ನಿಘಂಟನ್ನು ಬರೆದವರು ಯಾರು?

ಬಹುಮಾನ ಹಂಚುವ ಮಾತಿಗೆ ಒಂದು ಚಿತ್ರವೇ ಸಾಕು. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತೆಯಲ್ಲಿ ನಮ್ಮ ತಂಡ ಮುಂಬಯಿಯನ್ನು 2–1ರಿಂದ ಸೋಲಿಸಿ ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಗೆದ್ದ ನಾಯಕನಿಗೆ ಕಪ್ ಕೊಡುವ ಹೊತ್ತಿನಲ್ಲಿ, ಚಿತ್ರದಲ್ಲಿ ತಮ್ಮ ಮುಖ ಸರಿಯಾಗಿ ಬೀಳಲೆಂದು ಅಲ್ಲಿಯ ರಾಜ್ಯಪಾಲರು ಛೇತ್ರಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ದೇಶವೆಲ್ಲ ನೋಡಿ ನಕ್ಕಿತು. ನನಗೆ ನಗು ಬರಲಿಲ್ಲ. ನಮ್ಮ ಕ್ರೀಡಾಡಳಿತದ ಸ್ವರೂಪವನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾವ ಪ್ರಬಂಧವೂ ಹೇಳಲಾರದು.

ಅದಕ್ಕೆ ಹದಿನೈದು ದಿನ ಮುಂಚೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಚುನಾವಣೆ ನಡೆದಿದ್ದಿತು. ಸರ್ವೋಚ್ಚ ನ್ಯಾಯಾಲಯವು ಹಿಂದಿನ ಆಡಳಿತವನ್ನು ತೆಗೆದು, ಹಿರಿಯ ಆಟಗಾರರಿಗೂ ಮತ ಇರಲೆಂದು ಹೇಳಿದುದೂ, ವಿಶ್ವಸಂಸ್ಥೆಯಾದ ಫಿಫಾ ಅದನ್ನೊಪ್ಪದೆ, ಹೊರಗಿನವರ ಕೈವಾಡವೆಂದು ಭಾರತವನ್ನು ಆಗಸ್ಟಿನಲ್ಲಿ ಹತ್ತು ಹನ್ನೊಂದು ದಿನ ಹೊರಗಿಟ್ಟುದೂ ವಾಚಕರಿಗೆ ನೆನಪಿರಬಹುದು. ಕಡೆಗೆ ಆಟಗಾರರ ಮತ ಹೋಯಿತು. ರಾಜ್ಯಸಂಘಗಳ ಮತ ಮಾತ್ರ ಉಳಿಯಿತು. ಭೈಚುಂಗ್ ಭುಟಿಯ ನಿಂತರು. ಅವರಿಗೆ ಬಿದ್ದುದು 1 ಮತ, ಎದುರಾಳಿಗೆ 33. ಗೆದ್ದ ಕಲ್ಯಾಣ್ ಚೌಬೆಯವರು ಹಿಂದೆ ಗೋಲ್‌ಕೀಪರ್ ಆಗಿದ್ದವರು, ಭಾರತೀಯ ಜನತಾಪಕ್ಷದವರು. ಉಪಾಧ್ಯಕ್ಷರಾಗಿ ಬಂದ ನಮ್ಮ ಎನ್. ಎ. ಹ್ಯಾರಿಸ್ ಅವರು ಕಾಂಗ್ರೆಸ್ಸಿನ ಶಾಸಕರು. ಇವರ ಯೋಗ್ಯತೆಯನ್ನು ತೂಗುವುದು ನನ್ನ ಉದ್ದೇಶವಲ್ಲ. ವಿಧಾನಸಭೆಯಲ್ಲಿ ಒಂದು ಮಾತಿಗೂ ಒಪ್ಪದ ಪಕ್ಷಗಳು ಚೆಂಡಿನ ಮೇಜಿನ ಸುತ್ತ ಎಷ್ಟು ಸೌಹಾರ್ದದಿಂದ ಕೂರುತ್ತವೆ ಎಂಬುದನ್ನು ಮಾತ್ರ ತೋರಿಸುತ್ತೇನೆ. ಆ ಮೇಜಿನಲ್ಲಿ ಇಲ್ಲದವನು ಯಾರೆಂದರೆ ಟಿಕೀಟು ಕೊಂಡವನು.

ಅವನು ಬೇಕಾಗುವುದು ಚಿತ್ರದ ಹಿನ್ನೆಲೆಗೆ. ಮಹಾಮಾರಿಯಲ್ಲಿ ಅವನನ್ನು ಹೊರಗಿಟ್ಟು ಕೂಗನ್ನು ಮಾತ್ರ ಇಟ್ಟುಕೊಂಡರು. 2025ರ ಜೂನ್ 4ರಂದು ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ ಅವನನ್ನು ಬಾ ಬಾ ಎಂದು ಕರೆದರು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ; ಸ್ವಲ್ಪ ದೂರದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲು; 11 ಜನರ ಸಾವು. ಗುಂಪಿನಿಂದ ಅಪಾಯವೆಂಬ ಪಾಠವನ್ನು ಎರಡು ವರ್ಷ ನಮಗೆ ದಂಡ ಹಾಕಿ ಕಲಿಸಿದವರು ತಾವು ಕಲಿತಿರಲಿಲ್ಲ.

ಪ್ರೇಕ್ಷಕನು ಏನು ಮಾಡಬಲ್ಲನೆಂದು ಕೇಳುವವರಿಗೆ ಒಂದು ಉದಾಹರಣೆ. 2021ರ ಏಪ್ರಿಲ್ 18ರಂದು ಯೂರೋಪಿನ 12 ಸಿರಿವಂತ ತಂಡಗಳು ತಮ್ಮದೇ ಬೇರೆ ಲೀಗನ್ನು ಕಟ್ಟುವೆವೆಂದು ಪ್ರಕಟಿಸಿದುವು. ಇಂಗ್ಲೆಂಡಿನ ಅಭಿಮಾನಿಗಳು ಬೀದಿಗೆ ಬಂದರು. ಎರಡು ದಿನದೊಳಗೆ ಅಲ್ಲಿಯ ಆರು ತಂಡಗಳೂ ಹಿಂದೆ ಸರಿದುವು. ಜರ್ಮನಿಯಲ್ಲಿ ಕೆಲವು ತಂಡಗಳನ್ನು ಬಿಟ್ಟರೆ ಉಳಿದುವುಗಳ ಮತಾಧಿಕಾರದ ಅರ್ಧಕ್ಕೆ ಮಿಕ್ಕ ಪಾಲು ಸದಸ್ಯರ ಕೈಯಲ್ಲಿಯೇ ಇರಬೇಕೆಂದು ನಿಯಮವುಂಟು. ನಮ್ಮಲ್ಲಿ? ಒಕ್ಕೂಟಕ್ಕೂ ಲೀಗನ್ನು ನಡೆಸುವ ಕಂಪನಿಗೂ ಒಪ್ಪಂದದ ವಿಷಯ ಬಗೆಹರಿಯದೆ, 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದವರ ಸಂಬಳವನ್ನೇ ತಡೆಹಿಡಿದಾಗ, ಅಭಿಮಾನಿಗಳಿಗೆ ಅದು ಪ್ರಕಟಣೆಯ ಮೂಲಕ ತಿಳಿಯಿತು.

ತಂಡದ ಮಾತು ದೊಡ್ಡದು. ಮೈದಾನದ ಮಾತು ನಮ್ಮ ಮನೆಬಾಗಿಲಿನದು. ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಿಂದ ಒಂದು ಕಾನೂನೇ ಇದೆ. ಕಾನೂನು ಪುಸ್ತಕದಲ್ಲಿದೆ, ಬಯಲಿನಲ್ಲಿ ಶಾಮಿಯಾನವಿದೆ, ನಿಲ್ಲಿಸಿದ ವಾಹನಗಳಿವೆ. ಇದನ್ನು ಕೇಳಬೇಕಾದ ನಗರಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ವಾರ್ಡುಗಳ ಸಂಖ್ಯೆಯೆಂದು ಒಮ್ಮೆ, ಮೀಸಲಾತಿಯೆಂದು ಒಮ್ಮೆ, ಚುನಾವಣೆ ಮುಂದಕ್ಕೆ ಹೋಯಿತು. ಮಹಾಮಾರಿಯ ನಡುವೆ ವಿಧಾನಸಭೆಯ ಉಪಚುನಾವಣೆ ನಡೆಯಬಹುದು, ಲೋಕಸಭೆಯದೂ ನಡೆಯಬಹುದು. ಬೀದಿಯ ಬೀಗದ ಕೈಯನ್ನು ಯಾರಲ್ಲಿ ಕೇಳಬೇಕೆಂದು ತಿಳಿಸುವ ಚುನಾವಣೆ ಮಾತ್ರ ನಡೆಯಲಾರದು! 2021ರ ಆ ಭೀಕರ ಬೇಸಿಗೆಯನ್ನು ಈ ಊರು ಚುನಾಯಿತ ವಾರ್ಡು ಸದಸ್ಯನೊಬ್ಬನೂ ಇಲ್ಲದೆ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆಯನ್ನು ಐದು ಭಾಗ ಮಾಡಿದರು. ಅವುಗಳಲ್ಲಿ ಒಂದು ಬೆಂಗಳೂರು ಪಶ್ಚಿಮ ನಗರಪಾಲಿಕೆ.

ಆ ಪಾಲಿಕೆಗೆ ಮತ ಕೇಳಿಕೊಂಡು ಬರುವವರಲ್ಲಿ ಕ್ರೀಡಾಪ್ರೇಮಿಯೆಂದು ಹೇಳಿಕೊಳ್ಳದವರು ಯಾರೂ ಇರುವುದಿಲ್ಲ. ಅವರನ್ನು ಕುಳ್ಳಿರಿಸಿ ಕಾಫಿ ಕೊಟ್ಟು ಕೇಳಬೇಕಾದುದಿಷ್ಟು: ಈ ವಾರ್ಡಿನ ಮೈದಾನದ ಬಾಗಿಲನ್ನು ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯಿಸುವಿರಿ? ವರ್ಷದಲ್ಲಿ ಎಷ್ಟು ದಿನ ಅಲ್ಲಿ ಸಭೆಗಳಿಗೆ ಅನುಮತಿ ಕೊಡಿಸುವಿರಿ? ಇನ್ನೊಂದು ಮಾರಿ ಬಂದು ಎಲ್ಲವನ್ನೂ ಮುಚ್ಚಬೇಕಾದಾಗ, ನಿಮ್ಮ ಮೆರವಣಿಗೆಗೂ ನಮ್ಮ ಮಕ್ಕಳ ಚೆಂಡಿಗೂ ಒಂದೇ ದಿನ ಬೀಗ ಹಾಕಿ, ಚೆಂಡಿನ ಬೀಗವನ್ನು ಮೊದಲು ತೆಗೆಯಲು ಒಪ್ಪುವಿರಾ? ಉತ್ತರವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳುವುದು ಮೇಲು.